ನೆರೆ ನಕ್ಷೆಯೊಳಗೆ ಬಿದ್ದ ಸೈಟ್: ಮಣ್ಣು ಹಾಕಿಸುವ ಮೊದಲು ಲೆವೆಲ್ ಹಿಡಿಸಿ

ಪ್ರಶ್ನೆ: ಹೊಳೆಯಿಂದ ಸ್ವಲ್ಪ ದೂರದಲ್ಲಿ ಒಂದು ಸೈಟ್ ಕೊಂಡಿದ್ದೇವೆ. ಮನೆಯ ಪ್ಲಾನ್ ಮಾಡಿಸಿ ಪರವಾನಗಿಗೆ ಅರ್ಜಿ ಹಾಕಿದೆವು. ‘ಜಾಗ ನೆರೆ ಪ್ರದೇಶದಲ್ಲಿದೆ, ಹೆಚ್ಚಿನ ದಾಖಲೆ ಕೊಡಿ’ ಅಂತ ಬರೆದು ಫೈಲ್ ವಾಪಸ್ ಕಳಿಸಿದ್ದಾರೆ. ಅಲ್ಲಿ ನೀರು ಬಂದದ್ದು ಯಾವತ್ತೋ ಒಮ್ಮೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನಾಲ್ಕೈದು ಅಡಿ ಮಣ್ಣು ಹಾಕಿ ಸೈಟನ್ನೇ ಏರಿಸಿದರೆ ಅನುಮತಿ ಸಿಗುತ್ತದಾ? ಕಾರ್ ನಿಲ್ಲಿಸಲು ಪ್ಲಾನ್‌ನಲ್ಲಿ ಬೇಸ್‌ಮೆಂಟ್ ಇದೆ, ಅದನ್ನು ಉಳಿಸಿಕೊಳ್ಳಬಹುದಾ? ಪಕ್ಕದವರು ಆರಾಮಾಗಿ ಮನೆ ಕಟ್ಟಿಕೊಂಡಿದ್ದಾರೆ, ನಮಗೆ ಮಾತ್ರ ಯಾಕೆ ಈ ತಕರಾರು?

ಉತ್ತರ: ಫೈಲ್ ವಾಪಸ್ ಬಂತು ಅಂದ ಮಾತ್ರಕ್ಕೆ ಅರ್ಜಿ ತಿರಸ್ಕಾರ ಆಯಿತು ಅಂತಲ್ಲ. ಗಾಬರಿ ಬೇಡ. ನೆರೆ ಪ್ರದೇಶ ಅಂತ ಗುರುತಿಸಿದ ಎಷ್ಟೋ ಜಾಗಗಳಲ್ಲಿ ಷರತ್ತಿನ ಮೇಲೆ ಮನೆ ಕಟ್ಟಲು ಬಿಡುತ್ತಾರೆ. ಆದರೆ ಮಾಮೂಲಿ ಸೈಟಿನ ಅರ್ಜಿಗೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಫೈಲ್ ನೋಡುವವರ ತಲೆಯಲ್ಲಿ ಎರಡು ಪ್ರಶ್ನೆ ಇರುತ್ತವೆ. ನೀರು ಬಂದರೆ ಈ ಮನೆಗೆ ಏನಾಗುತ್ತದೆ? ಈ ಮನೆ ಬಂದರೆ ನೀರಿಗೆ ಏನಾಗುತ್ತದೆ? ಮೊದಲನೆಯದಕ್ಕೆ ಎಲ್ಲರೂ ಪುಟಗಟ್ಟಲೆ ಉತ್ತರ ಕೊಡುತ್ತಾರೆ. ಫೈಲ್ ಕೂತುಬಿಡುವುದು ಎರಡನೆಯದರ ಹತ್ತಿರ. ನಿಮ್ಮ ಮಣ್ಣಿನ ಯೋಚನೆ ನೇರವಾಗಿ ಅಲ್ಲಿಗೇ ಹೋಗಿ ತಗಲುತ್ತದೆ.

ಮಣ್ಣಿಗೆ ಹೋಗುವ ಮೊದಲು, ನಿಮ್ಮ ಸೈಟ್ ನಕ್ಷೆಯಲ್ಲಿ ಎಲ್ಲಿ ಬಿದ್ದಿದೆ ಅಂತ ತಿಳಿದುಕೊಳ್ಳಿ. ನೆರೆ ಪ್ರದೇಶದ ಒಳಗೇ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಒಂದು, ಹೊಳೆ ಉಕ್ಕಿದಾಗ ನೀರು ರಭಸದಿಂದ ಹರಿದು ಹೋಗುವ ಪಟ್ಟಿ. ಇನ್ನೊಂದು, ಅದರ ಆಚೀಚೆ ನೀರು ಮೆಲ್ಲಗೆ ಹರಡಿ ನಿಲ್ಲುವ ಅಂಚು. ಮೊದಲ ಪಟ್ಟಿಯಲ್ಲಿ ನಿಮ್ಮ ಸೈಟ್ ಇದ್ದರೆ ಮನೆಯ ಆಸೆ ಹೆಚ್ಚುಕಮ್ಮಿ ಬಿಟ್ಟ ಹಾಗೆಯೇ. ಇಂಗ್ಲೆಂಡಿನಲ್ಲಿ ಅಂಥ ಪಟ್ಟಿಯಲ್ಲಿ ಹೊಸ ಮನೆಗೆ ಅವಕಾಶವೇ ಇಲ್ಲ. ಅಮೆರಿಕದಲ್ಲಿ ಅಲ್ಲಿ ಏನೇ ಕಟ್ಟುವುದಿದ್ದರೂ, ಇದರಿಂದ ನೆರೆಯ ಮಟ್ಟ ಒಂದಿಷ್ಟೂ ಏರುವುದಿಲ್ಲ ಅಂತ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿ ಕೊಡಬೇಕು. ಒಂದು ಮನೆಗೆ ಅಷ್ಟೆಲ್ಲ ಖರ್ಚು ಮಾಡುವುದು ದಂಡ. ಅಂಚಿನಲ್ಲಿದ್ದರೆ ಮಾತು ಬೇರೆ. ಮುಂದೆ ಬರೆಯುವುದೆಲ್ಲ ನೀವು ಅಂಚಿನಲ್ಲಿದ್ದೀರಿ ಅಂದುಕೊಂಡು.

ಎಲ್ಲ ಕಡೆಯೂ ಇಂಥ ನಕ್ಷೆ ಸಿದ್ಧವಾಗಿ ಸಿಗುವುದಿಲ್ಲ, ಅದೂ ನಿಜ. ಭಾರತದಲ್ಲಿ ನೆರೆ ಬಯಲನ್ನು ವಲಯಗಳಾಗಿ ಗುರುತಿಸಿ ಕಟ್ಟಡಗಳಿಗೆ ಕಡಿವಾಣ ಹಾಕುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಕಾನೂನು ಮಾಡಿದವು. ಬಹುಪಾಲು ರಾಜ್ಯಗಳು ಸುಮ್ಮನೆ ಕೂತವು. ನಕ್ಷೆ ಇಲ್ಲದ ಕಡೆ ನೆರೆಯ ಮಟ್ಟವನ್ನು ನೀವೇ ಹುಡುಕಿ ತರಬೇಕಾಗುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

‘ಯಾವತ್ತೋ ಒಮ್ಮೆ ಬಂದಿತ್ತು’ ಅನ್ನುವ ಮಾತನ್ನು ಅರ್ಜಿಯಲ್ಲಿ ಬರೆಯಬೇಡಿ. ಅದು ನಿಮ್ಮ ಪರವಾಗಿ ನಿಲ್ಲುವುದಿಲ್ಲ, ನೀರು ಬಂದದ್ದಕ್ಕೆ ನೀವೇ ಕೊಟ್ಟ ಸಾಕ್ಷಿ ಆಗುತ್ತದೆ. ಕಚೇರಿಗಳು ಲೆಕ್ಕ ಹಾಕುವುದು ಯಾವುದೇ ಒಂದು ವರ್ಷದಲ್ಲಿ ನೀರು ಆ ಮಟ್ಟಕ್ಕೆ ಬರುವ ಸಾಧ್ಯತೆ ಎಷ್ಟು ಅಂತ. ನೂರು ವರ್ಷದ ನೆರೆ ಅಂತಾರಲ್ಲ, ಅದು ಪ್ರತಿ ವರ್ಷ ಶೇಕಡಾ 1ರ ಸಾಧ್ಯತೆ ಇರುವ ನೆರೆ. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ಬರಬಹುದು. ಮೂವತ್ತು ವರ್ಷದ ಗೃಹಸಾಲ ಮಾಡಿದಿರಿ ಅನ್ನಿ. ಸಾಲ ತೀರುವುದರೊಳಗೆ ಒಮ್ಮೆಯಾದರೂ ಆ ನೆರೆ ಬರುವ ಸಾಧ್ಯತೆ ಶೇ 26. ಇಪ್ಪತ್ತೈದು ವರ್ಷದ ನೆರೆ ಆದರೆ ಅದೇ ಅವಧಿಯಲ್ಲಿ ಶೇ 70 ದಾಟುತ್ತದೆ. ಅಕ್ಕಪಕ್ಕದವರ ನೆನಪು ಸುಳ್ಳಲ್ಲ. ಆದರೆ ಮುಂದಿನ ಮೂವತ್ತು ವರ್ಷದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಈಗ ಲೆವೆಲ್, ಅಂದರೆ ಎತ್ತರದ ಅಳತೆಯ ವಿಷಯ. ಇಡೀ ಅರ್ಜಿಯ ಪ್ರಾಣ ಇರುವುದು ಇಲ್ಲೇ, ಜನ ಅತಿ ಉದಾಸೀನ ಮಾಡುವುದೂ ಇಲ್ಲೇ. ನಾನು ನೋಡುವ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಸೆಕ್ಷನ್ ಡ್ರಾಯಿಂಗ್ ಚೆನ್ನಾಗಿರುತ್ತದೆ, ಕಂಬಿ ಲೆಕ್ಕವೂ ಸರಿ ಇರುತ್ತದೆ, ನೆಲದ ಪಕ್ಕದಲ್ಲಿ ಮಾತ್ರ ‘ರಸ್ತೆಯಿಂದ +0.60’ ಅಂತ ಬರೆದಿರುತ್ತದೆ. ಯಾವ ರಸ್ತೆ? ಯಾವ ಜಾಗದಲ್ಲಿ? ರಸ್ತೆಗೇ ಇಳಿಜಾರು ಇರುತ್ತದೆ, ಪ್ರತಿ ಸಲ ಡಾಂಬರು ಹಾಕಿದಾಗಲೂ ಅದು ಏರುತ್ತದೆ. ನೆರೆಯ ಮಟ್ಟವನ್ನು ಹೇಳುವುದು ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ. ನಿಮ್ಮ ನೆಲದ ಮಟ್ಟವನ್ನೂ ಅದೇ ಅಳತೆಯಲ್ಲಿ ಹೇಳದಿದ್ದರೆ ಎರಡನ್ನೂ ಹೋಲಿಸುವುದಾದರೂ ಹೇಗೆ? ‘ಹೆಚ್ಚಿನ ದಾಖಲೆ ಕೊಡಿ’ ಅನ್ನುವ ಷರಾದ ಅರ್ಥ ಬಹಳ ಸಲ ಇಷ್ಟೇ ಇರುತ್ತದೆ.

ಆದ್ದರಿಂದ ಮೊದಲ ಖರ್ಚು ಸರ್ವೆಯವರಿಗೆ ಆಗಲಿ. ಹತ್ತಿರದ ಸರ್ಕಾರಿ ಬೆಂಚ್‌ಮಾರ್ಕ್‌ನಿಂದ ಲೆವೆಲ್ ಹಿಡಿದು ತರಲು ಹೇಳಿ. ಬೆಂಚ್‌ಮಾರ್ಕ್ ಅಂದರೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಮೊದಲೇ ಅಳೆದು ಗುರುತು ಹಾಕಿದ ಜಾಗ. ಜಿಪಿಎಸ್ ಉಪಕರಣದಲ್ಲಿ ಮಾಡುತ್ತೇವೆ ಅಂದರೆ, ಎತ್ತರವನ್ನು ಯಾವ ಆಧಾರಕ್ಕೆ ಹೊಂದಿಸಿ ಕೊಡುತ್ತೀರಿ ಅಂತ ಕೇಳಿ. ಯಾಕೆಂದರೆ ಉಪಗ್ರಹ ನೇರವಾಗಿ ಕೊಡುವ ಎತ್ತರ ಸಮುದ್ರ ಮಟ್ಟದ ಎತ್ತರ ಅಲ್ಲ. ಎರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸ ಇರಬಹುದು. ಮೊಬೈಲ್ ಆ್ಯಪ್ ತೋರಿಸುವ ಎತ್ತರವಂತೂ ಈ ಕೆಲಸಕ್ಕೆ ಉಪಯೋಗಕ್ಕೆ ಬಾರದು. ಸೈಟಿನ ನಾಲ್ಕು ಮೂಲೆ, ಮಧ್ಯ, ಮುಂದಿನ ರಸ್ತೆ, ಪಕ್ಕದ ಚರಂಡಿಯ ತಳ, ಅಕ್ಕಪಕ್ಕದ ಸೈಟುಗಳ ಅಂಚು, ಇಷ್ಟರ ಲೆವೆಲ್ ಬೇಕು. ಹೊಳೆಯವರೆಗೂ ಒಂದು ಅಡ್ಡಸೀಳು (ಭೂಮಿಯನ್ನು ಕತ್ತರಿಸಿ ಪಕ್ಕದಿಂದ ನೋಡಿದಂತೆ ಏರಿಳಿತ ತೋರಿಸುವ ಚಿತ್ರ) ತೆಗೆಸಿದರೆ ಇನ್ನೂ ಒಳ್ಳೆಯದು.

ನೆರೆಯ ಮಟ್ಟ ಕಚೇರಿಯಲ್ಲಿ ಸಿಗದಿದ್ದರೆ ನೀರಾವರಿ ಇಲಾಖೆಯ ಮಾಪನ ಕೇಂದ್ರ, ಹತ್ತಿರದ ರೈಲ್ವೆ ಅಥವಾ ರಸ್ತೆ ಸೇತುವೆಯ ದಾಖಲೆ ನೋಡಿ. ಸೇತುವೆಗಳ ಡ್ರಾಯಿಂಗ್‌ನಲ್ಲಿ, ಎಷ್ಟೋ ಸಲ ಸೇತುವೆಯ ಕಂಬದ ಮೇಲೆಯೇ, ಅಲ್ಲಿ ಕಂಡ ಅತಿ ಹೆಚ್ಚಿನ ನೆರೆಯ ಮಟ್ಟವನ್ನು ಬರೆದಿರುತ್ತಾರೆ. ಅದೂ ಇಲ್ಲದಿದ್ದರೆ ಹಳೆಯ ಗೋಡೆಗಳ ಮೇಲಿನ ಕಲೆ. ಹೊರಗೋಡೆಯ ಕಲೆಗಿಂತ ಒಳಗೋಡೆಯ ಕಲೆಯನ್ನು ಜಾಸ್ತಿ ನಂಬಬಹುದು, ಒಳಗೆ ಅಲೆ ಬಡಿಯುವುದಿಲ್ಲ ನೋಡಿ. ಕಲೆಯ ಫೋಟೊ ತೆಗೆದು, ಸರ್ವೆಯವರಿಂದ ಅದಕ್ಕೂ ಲೆವೆಲ್ ಹಿಡಿಸಿ. ಆಗ ಅಕ್ಕಪಕ್ಕದವರ ಮಾತು ಕಾಗದದ ಮೇಲೆ ನಿಲ್ಲುವ ಸಾಕ್ಷಿ ಆಗುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ನೆರೆಯ ಮಟ್ಟ 102.40 ಮೀಟರ್, ನಿಮ್ಮ ಸೈಟಿನ ಈಗಿನ ಭೂಮಿ 101.30. ಅಂದರೆ ನೆರೆ ಬಂದಾಗ ಸೈಟಿನಲ್ಲಿ 1.10 ಮೀಟರ್ ನೀರು. ಮನೆಯ ನೆಲ ನೆರೆಯ ಮಟ್ಟಕ್ಕಿಂತ ಇನ್ನೂ ಸ್ವಲ್ಪ ಮೇಲಿರಬೇಕು ಅಂತ ನಿಯಮ ಇರುತ್ತದೆ. ಅಲೆ, ಕಸಕಡ್ಡಿ, ಲೆಕ್ಕದ ತಪ್ಪು, ಇದಕ್ಕೆಲ್ಲ ಬಿಡುವ ಅಂತರ ಅದು. ಅನೇಕ ಕಡೆ 30ರಿಂದ 60 ಸೆಂಟಿಮೀಟರ್ ಕೇಳುತ್ತಾರೆ. 60 ಅಂತ ಹಿಡಿದರೆ ಮನೆಯ ನೆಲ 103.00ರಲ್ಲಿ ಬರಬೇಕು, ಈಗಿನ ಭೂಮಿಯಿಂದ 1.70 ಮೀಟರ್ ಎತ್ತರದಲ್ಲಿ. ನಿಮ್ಮ ನಾಲ್ಕೈದು ಅಡಿಯ ಅಂದಾಜು ಈ ಉದಾಹರಣೆಯಲ್ಲೇ ಸಾಲುವುದಿಲ್ಲ, ಅಲ್ವಾ?

ಈ 1.70 ಮೀಟರ್ ಎತ್ತರವನ್ನು ಮಣ್ಣು ತುಂಬಿ ತರುತ್ತೀರಾ, ಪಿಲ್ಲರ್ ಮೇಲೆ ತರುತ್ತೀರಾ ಅನ್ನುವುದು ಮುಂದಿನ ಪ್ರಶ್ನೆ. ಸೈಟ್ 600 ಚದರ ಮೀಟರ್ ಇದ್ದು ಪೂರ್ತಿ ಏರಿಸಿದರೆ, ನೆರೆಯ ಮಟ್ಟದವರೆಗೆ ನೀವು ತುಂಬುವ ಜಾಗ 660 ಘನ ಮೀಟರ್. ಆರು ಲಕ್ಷ ಅರವತ್ತು ಸಾವಿರ ಲೀಟರ್ ನೀರು ನಿಲ್ಲುತ್ತಿದ್ದ ಜಾಗ ಅದು. ಆ ನೀರು ಆವಿಯಾಗಿ ಹೋಗುವುದಿಲ್ಲ. ತುಂಬಿದ ಬಕೆಟ್ಟಿಗೆ ತಂಬಿಗೆ ಮುಳುಗಿಸಿದ ಹಾಗೆ, ಪಕ್ಕಕ್ಕೆ ಚೆಲ್ಲುತ್ತದೆ. ಪಕ್ಕ ಅಂದರೆ ಪಕ್ಕದ ಮನೆ. ಒಂದೇ ಸೈಟಿನಿಂದ ನೆರೆಯ ಮಟ್ಟ ಅಳತೆಗೆ ಸಿಗುವಷ್ಟು ಏರದಿರಬಹುದು. ಆದರೆ ನಿಮಗೆ ಕೊಟ್ಟ ಅನುಮತಿಯನ್ನು ಮುಂದಿನ ಇಪ್ಪತ್ತು ಜನರಿಗೂ ಕೊಡಬೇಕಾಗುತ್ತದೆ. ಕಚೇರಿಯವರು ನೋಡುವುದು ಆ ಒಟ್ಟು ಲೆಕ್ಕವನ್ನು.

ಹಾಗಾಗಿ ಮಣ್ಣು ತುಂಬಲು ಬಿಡುವ ಕಡೆಗಳಲ್ಲೂ, ತುಂಬಿದಷ್ಟೇ ಜಾಗವನ್ನು ಬೇರೆ ಕಡೆ ಅಗೆದು ಕೊಡಿ ಅಂತ ಕೇಳುವುದುಂಟು. ಇಲ್ಲೊಂದು ಸೂಕ್ಷ್ಮ ಇದೆ. ಹಿತ್ತಿಲಲ್ಲಿ ಒಂದು ಹೊಂಡ ತೋಡಿದರೆ ಆಗುವುದಿಲ್ಲ. ಹೊಂಡ ಮಳೆಗಾಲದ ಶುರುವಿನಲ್ಲೇ ತುಂಬಿಕೊಂಡು, ನೆರೆ ಬರುವ ಹೊತ್ತಿಗೆ ಕೆಲಸಕ್ಕೆ ಬಾರದೆ ಕೂತಿರುತ್ತದೆ. ಅಗೆದ ಜಾಗ ತುಂಬಿದ ಜಾಗದ ಎತ್ತರದಲ್ಲೇ ಇರಬೇಕು, ನೀರು ತಾನಾಗಿ ಬಂದು ತಾನಾಗಿ ಹೊರಗೆ ಹೋಗುವಂತೆಯೂ ಇರಬೇಕು. ಸಣ್ಣ ಸೈಟಿನಲ್ಲಿ ಇದಕ್ಕೆ ಜಾಗ ಎಲ್ಲಿಂದ ತರುತ್ತೀರಿ? ನನ್ನನ್ನು ಕೇಳಿದರೆ ಮಣ್ಣಿನ ಆಸೆ ಬಿಟ್ಟುಬಿಡಿ. ಮನೆಯನ್ನು ಪಿಲ್ಲರ್ ಮೇಲೆ ನಿಲ್ಲಿಸಿ, ಕೆಳಗೆ ನೀರು ಓಡಾಡಲಿ. ಪಿಲ್ಲರುಗಳು ತಿನ್ನುವ ಜಾಗ ಮನೆಯ ವಿಸ್ತೀರ್ಣದಲ್ಲಿ ಚೂರು ಮಾತ್ರ. ನಿಮ್ಮ ಕಾರಿಗೂ ಅಲ್ಲೇ ನೆರಳು ಸಿಗುತ್ತದೆ.

ಬೇಸ್‌ಮೆಂಟ್ ಬೇಡ. ಇದರಲ್ಲಿ ಆ ಕಡೆ ಈ ಕಡೆ ಮಾತಿಲ್ಲ. ಬೇಸ್‌ಮೆಂಟಿನ ತಳ ನೆರೆಯ ಮಟ್ಟಕ್ಕಿಂತ 3 ಮೀಟರ್ ಕೆಳಗಿದೆ ಅನ್ನಿ. ಸುತ್ತಲಿನ ಮಣ್ಣು ನೆನೆದಾಗ ನೀರು ಆ ತಳವನ್ನು ಚದರ ಮೀಟರಿಗೆ 3 ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. 100 ಚದರ ಮೀಟರ್ ತಳಕ್ಕೆ 300 ಟನ್. ಮನೆಯ ತೂಕ ಸಾಲದಿದ್ದರೆ ನೆಲ ಉಬ್ಬಿ ಸೀಳುತ್ತದೆ. ಸೀಳದಂತೆ ಗಟ್ಟಿ ಕಟ್ಟಿದರೂ ರ‍್ಯಾಂಪಿನಿಂದ ನುಗ್ಗುವ ನೀರಿಗೆ ಏನು ಮಾಡುತ್ತೀರಿ? ಬೇಸ್‌ಮೆಂಟ್ ನಿಮಿಷಗಳಲ್ಲಿ ತುಂಬುತ್ತದೆ, ಕಾರು ತೆಗೆಯಲು ಇಳಿದವರೇ ಸಿಕ್ಕಿಬೀಳುವುದು. ಅಮೆರಿಕದ ರಾಷ್ಟ್ರೀಯ ನೆರೆ ವಿಮೆ ಯೋಜನೆಯ ನಿಯಮದಲ್ಲೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನೆರೆ ವಲಯದ ಹೊಸ ಮನೆಗೆ ನೆರೆ ಮಟ್ಟದ ಕೆಳಗೆ ಬೇಸ್‌ಮೆಂಟ್ ಕಟ್ಟುವ ಹಾಗಿಲ್ಲ. ಅರ್ಜಿಯಲ್ಲಿ ಬೇಸ್‌ಮೆಂಟ್ ಕಂಡ ಕೂಡಲೇ ಅಧಿಕಾರಿ ಮಿಕ್ಕಿದ್ದನ್ನೂ ಅನುಮಾನದಿಂದಲೇ ಓದುತ್ತಾರೆ, ಅದೊಂದು ಬೇರೆ ನಷ್ಟ.

ಪಿಲ್ಲರ್ ಮೇಲಿನ ಮನೆಯಲ್ಲೂ ಒಂದು ಎಚ್ಚರಿಕೆ. ಪರವಾನಗಿ ಸಿಕ್ಕ ಮೇಲೆ ಕೆಳಗಿನ ಜಾಗಕ್ಕೆ ಗೋಡೆ ಕಟ್ಟಿ ಒಂದು ರೂಮು ಮಾಡಿಕೊಳ್ಳೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಹೊರಗೆ 1 ಮೀಟರ್ ನೀರು, ಒಳಗೆ ಖಾಲಿ ಅಂದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ಒತ್ತಡ ಬೀಳುತ್ತದೆ. ನೀರು 2 ಮೀಟರ್ ಆದರೆ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು, 2 ಟನ್. ಕಂಬಿ ಇಲ್ಲದ ಇಟ್ಟಿಗೆ ಗೋಡೆ ಇದನ್ನು ತಡೆಯುವುದಿಲ್ಲ. ಆದ್ದರಿಂದ ಕೆಳಗಿನ ಜಾಗಕ್ಕೆ ಗೋಡೆ ಬೇಕೇ ಬೇಕು ಅಂದರೆ ಅದರಲ್ಲಿ ನೀರು ಒಳಗೆ ಬರಲು ಕಿಂಡಿ ಬಿಡಬೇಕು. ಒಳಗೂ ಹೊರಗೂ ನೀರು ಸಮ ಆದರೆ ಒತ್ತಡವೂ ಸಮ. ಅಮೆರಿಕದ ನಿಯಮದ ಪ್ರಕಾರ ಒಳಜಾಗದ ಪ್ರತಿ ಚದರ ಅಡಿಗೆ ಒಂದು ಚದರ ಇಂಚು ಕಿಂಡಿ ಇರಬೇಕು, ಕಿಂಡಿಗಳು ಕನಿಷ್ಠ ಎರಡು ಇರಬೇಕು, ಅವುಗಳ ತಳ ನೆಲದಿಂದ ಒಂದು ಅಡಿಯೊಳಗೆ ಇರಬೇಕು. ಸಾವಿರ ಚದರ ಅಡಿಗೆ ಹೆಚ್ಚುಕಮ್ಮಿ ಏಳು ಚದರ ಅಡಿ ಕಿಂಡಿ ಆಯಿತು. ನಿಮ್ಮ ಕಡೆ ಇಂಥ ನಿಯಮ ಇಲ್ಲದಿದ್ದರೂ ಡ್ರಾಯಿಂಗ್‌ನಲ್ಲಿ ಕಿಂಡಿ ತೋರಿಸಿ.

ಕಾಂಪೌಂಡ್ ಗೋಡೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆಯನ್ನು ಪಿಲ್ಲರ್ ಮೇಲೆ ನಿಲ್ಲಿಸಿ, ಸುತ್ತ ಐದಡಿಯ ಗಟ್ಟಿ ಗೋಡೆ ಎಬ್ಬಿಸಿದರೆ ಏನು ಬಂತು? ಅದು ಹರಿಯುವ ನೀರಿಗೆ ಅಡ್ಡ ಹಾಕಿದ ಕಟ್ಟೆ. ನೀರು ಒಂದು ಕಡೆ ಏರಿ, ಗೋಡೆ ಒಂದೇ ಸಲಕ್ಕೆ ಉರುಳಿದರೆ ಕೆಳಗಿನ ಮನೆಯವರ ಗತಿ ಕೇಳಬೇಡಿ. ತಳದಲ್ಲಿ ಒಂದು ಸಾಲು ಕಲ್ಲು, ಮೇಲೆ ಗ್ರಿಲ್ ಅಥವಾ ತಂತಿ ಬೇಲಿ ಸಾಕು. ಇದನ್ನೂ ಪ್ಲಾನ್‌ನಲ್ಲೇ ಬರೆದು ತೋರಿಸಿದರೆ, ನೀರಿನ ಹಾದಿಯನ್ನು ಯೋಚಿಸಿದ ಅರ್ಜಿದಾರರು ಇವರು ಅಂತ ಗೊತ್ತಾಗುತ್ತದೆ.

ಮಿಕ್ಕಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೀಟರ್ ಬೋರ್ಡ್, ಇನ್ವರ್ಟರ್, ಪಂಪಿನ ಸ್ವಿಚ್ ಎಲ್ಲ ಮನೆಯ ನೆಲದ ಮಟ್ಟಕ್ಕಿಂತ ಮೇಲೆ. ಒಳಚರಂಡಿ ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಇಲ್ಲದಿದ್ದರೆ ನೀರು ಬಾಗಿಲಿಂದ ಬರುವ ಮೊದಲೇ ಟಾಯ್ಲೆಟ್‌ನಿಂದ ಉಕ್ಕುತ್ತದೆ. ಗ್ಯಾಸ್ ಸಿಲಿಂಡರ್, ಖಾಲಿ ನೀರಿನ ಟ್ಯಾಂಕ್ ತೇಲಿ ಹೋಗದಂತೆ ಕಟ್ಟಿಹಾಕಬೇಕು. ನೆಲದೊಳಗಿನ ಸೆಪ್ಟಿಕ್ ಟ್ಯಾಂಕ್ ಕೂಡ ಹಗುರವಾಗಿದ್ದರೆ ಎದ್ದು ಬರುತ್ತದೆ. ನೆರೆಯ ಮಟ್ಟದ ಕೆಳಗೆ ಜಿಪ್ಸಮ್ ಬೋರ್ಡ್, ಪ್ಲೈವುಡ್ ಬೇಡ. ಪಿಲ್ಲರಿನ ತಳಪಾಯ ಸಾಕಷ್ಟು ಆಳಕ್ಕೆ ಹೋಗಲಿ, ಹರಿಯುವ ನೀರು ಪಿಲ್ಲರಿನ ಬುಡದ ಮಣ್ಣನ್ನು ಕೊರೆಯುತ್ತದೆ. ಮನೆಯಿಂದ ಒಣ ರಸ್ತೆಗೆ ಹೋಗುವ ದಾರಿ ಯಾವುದು ಅಂತಲೂ ಕೇಳಬಹುದು. ಹರಿಯುವ ನೀರು ಅರ್ಧ ಅಡಿ ಇದ್ದರೂ ಮನುಷ್ಯನನ್ನು ಕೆಡವುತ್ತದೆ, ಆದ್ದರಿಂದ ಆ ಪ್ರಶ್ನೆ ಸುಮ್ನೆ ಕೇಳುವುದಲ್ಲ.

ಪಕ್ಕದವರ ಮನೆ ವಿಷಯ. ಅವರು ಕಟ್ಟುವಾಗ ನಕ್ಷೆ ಬಂದಿರಲಿಲ್ಲವೋ ಏನೋ, ಅಥವಾ ಅವರ ನೆಲ ನಿಮ್ಮದಕ್ಕಿಂತ ಎತ್ತರದಲ್ಲಿ ಇರಬಹುದು. ಎರಡು ಸೈಟುಗಳ ನಡುವೆ ಒಂದೂವರೆ ಅಡಿ ವ್ಯತ್ಯಾಸ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅವರ ಉದಾಹರಣೆ ಕೊಟ್ಟು ಅರ್ಜಿ ಬರೆಯಬೇಡಿ. ಅದರಿಂದ ನಿಮಗೆ ಅನುಮತಿ ಸಿಗುವುದಿಲ್ಲ, ಅವರಿಗೆ ನೋಟಿಸ್ ಹೋಗಬಹುದು, ಮುಂದೆ ಜೀವನವಿಡೀ ಅವರ ಪಕ್ಕದಲ್ಲೇ ಇರಬೇಕಾದವರು ನೀವು. ಹಳೆಯ ಮನೆಗಳಿಗೂ ಪೂರ್ತಿ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ರಿಪೇರಿ ಅಥವಾ ವಿಸ್ತರಣೆಯ ಖರ್ಚು ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ ಅದನ್ನು ಹೊಸ ಮನೆಯ ನಿಯಮಕ್ಕೇ ತರಬೇಕು.

ಇನ್ನು ಅರ್ಜಿ. ತಿದ್ದಿದ ಪ್ಲಾನ್ ಹಾಕುವ ಮೊದಲು ಒಮ್ಮೆ ಕಚೇರಿಗೆ ಹೋಗಿ, ಲೆವೆಲ್ ಸರ್ವೆಯ ಕಾಗದ ಕೈಯಲ್ಲಿ ಹಿಡಿದು ಮೂರು ವಿಷಯ ಕೇಳಿ. ನೀವು ಯಾವ ನೆರೆಯ ಮಟ್ಟವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ, ಅದರ ಮೇಲೆ ಎಷ್ಟು ಅಂತರ ಬಿಡಬೇಕು, ನೀರಾವರಿ ಅಥವಾ ಬೇರೆ ಇಲಾಖೆಯ ಒಪ್ಪಿಗೆ ಪತ್ರ ಬೇಕಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಉತ್ತರವಾದರೆ ಅದೇ ದಿನ ‘ಇಂದಿನ ಭೇಟಿಯಲ್ಲಿ ತಾವು ತಿಳಿಸಿದಂತೆ’ ಅಂತ ಒಂದು ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಆಮೇಲೆ ಅಧಿಕಾರಿ ಬದಲಾದರೂ ಮಟ್ಟ ಬದಲಾಗುವುದಿಲ್ಲ.

ಫೈಲಿನಲ್ಲಿ ಮೊದಲ ಹಾಳೆಯಾಗಿ ಒಂದು ಅಡ್ಡಸೀಳು ಚಿತ್ರ ಇಡಿ. ಹೊಳೆ, ಈಗಿನ ಭೂಮಿ, ನೆರೆಯ ಮಟ್ಟದ ನೀಲಿ ಗೆರೆ, ಅದರ ಮೇಲೆ ನಿಮ್ಮ ಮನೆಯ ನೆಲ, ಎಲ್ಲದರ ಪಕ್ಕದಲ್ಲೂ ಅಂಕಿ. ಬೆಂಚ್‌ಮಾರ್ಕ್ ಯಾವುದು, ಎಲ್ಲಿದೆ ಅಂತ ಮೂಲೆಯಲ್ಲಿ ಬರೆಯಿರಿ. ಈ ಒಂದು ಹಾಳೆ ನೋಡಿದರೆ ಅಧಿಕಾರಿಗೆ ಅರ್ಧ ಫೈಲ್ ಓದಿದ ಹಾಗೆ. ಅದರ ಹಿಂದೆ ಸರ್ವೆ, ಸ್ಟ್ರಕ್ಚರಲ್ ಎಂಜಿನಿಯರ್ ಪತ್ರ, ನೀರು ನಿಲ್ಲುವ ಜಾಗದ ಮೊದಲಿನ ಮತ್ತು ನಂತರದ ಲೆಕ್ಕ.

ಅನುಮತಿ ಬಂದ ಮೇಲೂ ಲೆವೆಲ್ ಕೆಲಸ ಮುಗಿಯುವುದಿಲ್ಲ. ಪಿಲ್ಲರ್ ಎದ್ದು ನೆಲದ ಸ್ಲ್ಯಾಬಿಗೆ ಶಟರಿಂಗ್ ಆದಾಗ, ಕಾಂಕ್ರೀಟ್ ಹಾಕುವ ಮುಂಚೆ, ಸರ್ವೆಯವರನ್ನು ಮತ್ತೆ ಕರೆಸಿ. ಮೇಸ್ತ್ರಿಗಳು ಅರ್ಧ ಅಡಿ ಕಡಿಮೆ ಮಾಡಿದ್ದರೆ ಆಗ ಸರಿಮಾಡಲು ಒಂದು ದಿನದ ಕೆಲಸ, ಕಾಂಕ್ರೀಟ್ ಬಿದ್ದ ಮೇಲೆ ಆಗದ ಮಾತು. ಸ್ಲ್ಯಾಬ್ ಆದ ಮೇಲೆ ಇನ್ನೊಮ್ಮೆ ಅಳೆಸಿ, ಸಹಿ ಮಾಡಿದ ಪ್ರಮಾಣಪತ್ರ ತೆಗೆದಿಡಿ. ಮುಗಿದ ಕಟ್ಟಡದ ಸರ್ಟಿಫಿಕೇಟಿಗೆ, ವಿಮೆಗೆ, ಮುಂದೆ ಯಾವತ್ತಾದರೂ ಮನೆ ಮಾರುವಾಗ ಅದನ್ನೇ ಕೇಳುತ್ತಾರೆ.

ಒಂದು ವೇಳೆ ನಿಮ್ಮ ಲೆವೆಲ್ ಸರ್ವೆಯಲ್ಲಿ ಸೈಟೇ ನೆರೆಯ ಮಟ್ಟಕ್ಕಿಂತ ಮೇಲಿದೆ ಅಂತ ಬಂದರೆ, ಅರ್ಜಿಯ ದಾರಿಯೇ ಬೇರೆ. ನೆರೆ ನಕ್ಷೆಗಳನ್ನು ದೊಡ್ಡ ಪ್ರದೇಶಕ್ಕೆ ಒಟ್ಟಾಗಿ ಮಾಡಿರುತ್ತಾರೆ, ಸಣ್ಣ ದಿಬ್ಬಗಳು ಅದರಲ್ಲಿ ಕಳೆದುಹೋಗಿರುವುದುಂಟು. ಆಗ ಮನೆಯ ಪ್ಲಾನ್ ಬದಿಗಿಟ್ಟು, ನಕ್ಷೆಯಲ್ಲಿ ನಮ್ಮ ಸೈಟನ್ನು ತಿದ್ದಿಕೊಡಿ ಅಂತ ಮೊದಲು ಕೇಳಿ. ಬೇಸ್‌ಮೆಂಟ್ ಮಾತ್ರ ಆಗಲೂ ಬೇಡ.